ರೈಲು ಹೋಗಲಿ, ತಾಳು

ಅರಸೀಕೆರೆ ಸ್ಟೇಷನ್ನಿನ ಹಿಂದೆ, ಕೊಬ್ಬರಿ ಮಂಡಿಯಲ್ಲಿ
ತಕ್ಕಡಿಯ ಹೊಟ್ಟೆಯೊಳಗೆ ಅಂಗೈಯಗಲದ ಬೋರ್ಡು.
ಮಾಡಿದ ಕಂಪನಿ ಎಂದೋ ಕೈತೊಳೆದುಕೊಂಡಿದೆ.

ತಸ್ಮಿಯಾ ಡ್ರೈವರು ಬಿಚ್ಚಿ ಓದುತ್ತಾಳೆ:
ಯಾರೋ ಬರೆದದ್ದು, ಇನ್ಯಾರೋ ತಿದ್ದಿದ್ದು,
ನಡುವೆ ಒಬ್ಬರ ಟಿಪ್ಪಣಿ:
'ಈ ಸಾಲು ಯಾಕಿದೆಯೋ ಗೊತ್ತಿಲ್ಲ. ತೆಗೆದರೆ ಕೆಡುತ್ತೆ.'
ನಕ್ಕಳು. ಅಮ್ಮಿಯ ಸಾರಿನ ಲೆಕ್ಕವೂ ಹೀಗೇ.

ಹುಬ್ಬಳ್ಳಿ ಗಾಡಿ ಹಾಯುವಾಗಲೆಲ್ಲ ನೆಲ ನಡುಗಿ
ಖಾಲಿ ತಟ್ಟೆಯೇ ನೂರು ಗ್ರಾಂ ತೂಗುತ್ತಿತ್ತು;
'ಗಾಳಿಗೂ ಕಾಸು ಕೊಡ್ಲಾ?' ಅಂತ
ಸಾಹುಕಾರ ಚಿಕ್ಕನಂಜಪ್ಪ ರೇಗಿದ್ದ.

ಅವಳೂ ಒಂದು ಸಾಲು ಸೇರಿಸಿದಳು.
ನಡುಗಿದರೆ ಎಣಿಸಬೇಡ; ರೈಲು ಹೋಗಲಿ, ತಾಳು.
ಹೆಸರು ಹಾಕಲಿಲ್ಲ,
ಊರು ಹಾಕಿದಳು.

ಈಗ ಎಲ್ಲೋ, ಹಳಿಯೇ ಇಲ್ಲದ ದ್ವೀಪದಲ್ಲಿ
ಮೀನು ತೂಗುವ ತಕ್ಕಡಿಯೊಂದು
ಅಲೆ ಬಡಿದಾಗ ಉಸಿರು ಹಿಡಿದು
ಅರಸೀಕೆರೆಯ ರೈಲು ದಾಟಲೆಂದು ಕಾಯುತ್ತದೆ.