ಅಂಗೈಯ ಟಾಕಿ

ಆಕ್ರನ್ ಊರಿಗೆ ಆಗ ಸದಾ ರಬ್ಬರಿನ ವಾಸನೆ.
ಅಪ್ಪನಿಗೆ ಟೈರು ಕಾರ್ಖಾನೆಯಲ್ಲಿ ಎರಡನೆಯ ಪಾಳಿ;
ಒಂದು ಕಾಲಕ್ಕೆ ಕಿವುಡರ ತಂಡದ ಪಿಚ್ಚರ್.
(ನೋಡುವ ಪಿಚ್ಚರಲ್ಲ, ಚೆಂಡೆಸೆಯುವವನು.
ನೋಡುವುದರಲ್ಲೂ ಏನೂ ಕಡಿಮೆಯಿರಲಿಲ್ಲ.)

ಮೂಕಿಯ ದಿನಗಳಲ್ಲಿ
ತೆರೆಯ ಮೇಲೆ ಅಕ್ಷರ ಬಿದ್ದರೆ
ಇಡೀ ಥಿಯೇಟರಿಗೂ ಅಪ್ಪನಿಗೂ
ಒಂದೇ ಗಳಿಗೆಗೆ ನಗು.

ಆಮೇಲೆ ಚಿತ್ರಕ್ಕೆ ಬಾಯಿ ಬಂತು.

ಬೇಸ್‌ಬಾಲಿನ ತಮಾಷೆಯೆಂದು
ಪೋಸ್ಟರು ನೋಡಿ ಅವನೇ ಎಳೆದುಕೊಂಡು ಹೋದ.
ನನಗೆ ಒಂಬತ್ತು. ಕತ್ತಲಲ್ಲಿ ಕೈಸನ್ನೆ ಕಾಣದು;
ಅವನ ಅಂಗೈ ಬಿಡಿಸಿ ಬೆರಳಲ್ಲಿ ಬರೆಯುತ್ತ ಕೂತೆ.
ಸುಟ್ಟ ಗೀರುಗಳ ಮೇಲೆ ನನ್ನ ಅಕ್ಷರ ಎಡವುತ್ತಿದ್ದವು.

ಎಂಥ ವೇಗ ಆ ತೆರೆಯ ಜನಕ್ಕೆ!
ದಪ್ಪ ಮ್ಯಾನೇಜರು ಗದರಿಸುತ್ತಾನೆ,
ಸಣಕಲ ನಾಯಕ ಎದುರುತ್ತರ ಕೊಡುತ್ತಾನೆ,
ಜನ ಬಿದ್ದು ಬಿದ್ದು ನಗುತ್ತಾರೆ,
ನಾನಿನ್ನೂ ಹಿಂದಿನ ಜೋಕಿನ ಅರ್ಧದಲ್ಲಿ.
ಅದು ಮುಗಿದು ಅಪ್ಪ ನಕ್ಕಾಗ
ನಾಯಕನ ತಾಯಿ ಅಳುತ್ತಿದ್ದಳು.
ಮುಂದಿನ ಸಾಲಿನ ಟೋಪಿಗಳು ತಿರುಗಿದವು.

ಅಪ್ಪ ಅಂಗೈ ಮುಚ್ಚಿಕೊಂಡ.
ನೀನು ನೋಡು, ಎಂಬಂತೆ ನನ್ನ ಮಂಡಿ ತಟ್ಟಿದ.
ನೋಡಿದೆ. ಎರಡು ಸಲ ನಕ್ಕುಬಿಟ್ಟೆ.
ಅದನ್ನು ಅವನಿಗೆ ಎಂದೂ ಹೇಳಲಿಲ್ಲ.

ಕೊನೆಯ ಇನಿಂಗ್ಸ್.
ಬ್ಯಾಟಿನ ಹಿಂದೆ ಕುಕ್ಕರಗಾಲಲ್ಲಿ ಕ್ಯಾಚರ್,
ಮುಖಕ್ಕೆ ತಂತಿಯ ಮುಸುಕು,
ಇಡೀ ಚಿತ್ರದಲ್ಲಿ ಒಂದು ಮಾತೂ ಇಲ್ಲದವನು,
ತೊಡೆಗಳ ನಡುವೆ ಬೆರಳಾಡಿಸಿದ.
ಯಾವ ಎಸೆತ ಬೇಕೆಂಬ ಸಂಜ್ಞೆ, ಅಷ್ಟೇ ತಾನೆ.
ಅಪ್ಪ ಕುರ್ಚಿಯ ತುದಿಗೆ ಬಂದ.
ಬೆರಳು ಮಡಿಸಿತು, ಬಿಚ್ಚಿತು, ತುಸು ತಡೆಯಿತು, ಮತ್ತೆ ಮಡಿಸಿತು.

ನಕ್ಕ ನೋಡಿ ಅಪ್ಪ!
ತನಗೇ ಕೇಳದ ನಗು, ತುಕ್ಕು ಹಿಡಿದ ಗೇಟು ತೆರೆದಂತೆ.
ಟಾರ್ಚಿನ ಹುಡುಗ ಓಡಿಬಂದ.
ಏನು, ಏನು ಎಂದು ತೋಳು ಜಗ್ಗಿದೆ.
ಕಣ್ಣೊರೆಸಿಕೊಳ್ಳುತ್ತ ನನ್ನ ಅಂಗೈ ಬಿಡಿಸಿ
ನಿಧಾನ ಬರೆದ:
ಸೂಪು
ತಣ್ಣಗೆ.

ಅವನು ಲೆಸ್ಟರ್ ಹಾಫ್ನರ್.
ಕೊಲಂಬಸ್ಸಿನ ಕಿವುಡರ ಶಾಲೆಯಲ್ಲಿ
ಅಪ್ಪನ ಪಕ್ಕದ ಮಂಚದವನು;
ಕೆಲಸ ಹುಡುಕಿ ಪಡುವಣಕ್ಕೆ ಹೋದವನಿಗೆ
ಎರಡು ಕಾಗದ ಬರೆದರೂ ಉತ್ತರವಿರಲಿಲ್ಲ.
ಶೂಟಿಂಗಿನ ಊಟದ ದೂರನ್ನು
ಇಡೀ ಅಮೆರಿಕದ ಕಣ್ಣೆದುರು ಹೇಳಿಕೊಂಡಿದ್ದ.

ಸೋಮವಾರ ಮತ್ತೆ ಹೋದೆವು.
ಮಾತೆಲ್ಲ ಮುಗಿಯುವ ತನಕ ಹೊರಗೆ ಕಡಲೆಕಾಯಿ ಸುಲಿಯುತ್ತ ಕೂತು
ಕೊನೆಯ ಇನಿಂಗ್ಸಿಗೆ ಒಳಗೆ.
ಬುಧವಾರ ಅಮ್ಮನೂ ಬಂದಳು.
ಆ ಜಾಗ ಬಂತು. ನಕ್ಕವರು ಮೂವರು.
ಟೋಪಿಗಳು ತಿರುಗಿ,
ನಮ್ಮನ್ನು ನೋಡಿ,
ಮತ್ತೆ ತೆರೆಯ ಕಡೆ ತಿರುಗಿ,
ತಮಗೇನು ತಪ್ಪಿತೆಂದು ಹುಡುಕಿದವು.