ಹೆಬ್ಬೆಟ್ಟು

ವಿರಾಜಪೇಟೆಯಲ್ಲಿ ಟೈರ್ ರಿಸೋಲ್ ಅಂಗಡಿಯ ಮೇಲೆ
ನನ್ನ ಕೋಣೆ. ಕೆಳಗೆ ರಬ್ಬರು ಬೇಯುವ ವಾಸನೆ.
ಮೇಲೆ ನಾನು, ಇನ್ನೂ ಪಾಯ ತೋಡದ ಮನೆಗಳ
ಕಿಟಕಿಗೆ ಬೆಳಗನ್ನು ತಂದು ಕೂರಿಸುತ್ತೇನೆ.
ಹೊರಗಿನ ಒಂದು ಬೆಳಗಿಗೆ ನಾಲ್ಕು ಸಾವಿರ, ಒಳಗಿನದಕ್ಕೆ ಆರು.
ಕರೆಂಟು ಹೋದರೆ
ಶೇಕಡ ಎಂಬತ್ತೇಳರಲ್ಲಿ ಸೂರ್ಯ ಸತ್ತ.
ಮತ್ತೆ ಸೊನ್ನೆಯಿಂದ ಹುಟ್ಟಿಸಬೇಕು.

ಚಿತ್ರ ಮೊದಲು ಕಾಳುಕಾಳಾಗಿ ಬರುತ್ತದೆ,
ಕಣದಲ್ಲಿ ಹರವಿದ ಕಾಫಿಯ ಹಾಗೆ.
ಯಾರೋ ಕಾಲಲ್ಲಿ ಎಳೆದೆಳೆದು ತಿರುವಿದಂತೆ
ಮೆಲ್ಲಗೆ ಒಣಗಿ ಸೋಫಾ ಆಗುತ್ತದೆ,
ಆಮೇಲೆ ಸೋಫಾದ ನೆರಳು.
ಅಷ್ಟರಲ್ಲಿ ಕೆಳಗಿಳಿದು ಒಂದು ಚಹಾ ಕುಡಿದು ಬರಬಹುದು.
(ಚಹಾವೇ. ಈ ಊರಲ್ಲಿ ಹೋಟೆಲಿನ ಕಾಫಿ ಯಾರು ಕುಡಿಯುತ್ತಾರೆ?)

ಮೊಣ್ಣಪ್ಪನವರ ಮನೆ, ಕಾಕೋಟುಪರಂಬು.
ಅವರಿಗೆ ಸುತ್ತಲೂ ಕಾಫಿ ಹೂ ಬೇಕು,
ಅದೇ ಗಿಡದಲ್ಲಿ ಕೆಂಪಗೆ ಹಣ್ಣೂ ಬೇಕು.
“ಹೂ ಮಾರ್ಚಿಗಲ್ವಾ ಸಾರ್, ಹಣ್ಣು ಡಿಸೆಂಬರಿಗೆ?”
“ಕಂಪ್ಯೂಟರಲ್ಲಿ ಆಗಲ್ವಾ?”
ಆಗುತ್ತದೆ.
ಎರಡು ಕಾಲಗಳನ್ನು ಒಂದೇ ರೆಕ್ಕೆಗೆ ಕಟ್ಟಿ ಕೊಟ್ಟೆ.
ನಲವತ್ತು ವರ್ಷ ಗಿಡ ಕಸಿ ಮಾಡಿದ ಮನುಷ್ಯ
ಕನ್ನಡಕ ಏರಿಸಿ ನೋಡಿ,
“ಇದೀಗ ನಮ್ಮ ತೋಟ” ಎಂದರು.

ಈ ಕೆಲಸದಲ್ಲಿ ಹೊಳಪು ಮೊದಲ ತಿಂಗಳಿಗೇ ಬರುತ್ತದೆ.
ಕೊಳೆ ಕಲಿಯಲು ಮೂರು ವರ್ಷ ಹಿಡಿಯಿತು.
ಬಾಗಿಲ ಹಿಡಿಯ ಸುತ್ತ ಎಣ್ಣೆಗೈ,
ಕುರ್ಚಿ ಎಳೆದ ಗೀರು,
ಪರದೆಯಲ್ಲಿ ಕಳಚಿಕೊಂಡ ಒಂದೇ ಒಂದು ಕೊಂಡಿ.
ಮೇಜಿನ ಅಂಚು ಚೂಪಾಗಿದ್ದರೆ ಕಣ್ಣು ನಂಬುವುದಿಲ್ಲ.
ಲೋಕದಲ್ಲಿ ಯಾವ ಅಂಚೂ ಅಷ್ಟು ಚೂಪಲ್ಲ;
ಕೂದಲೆಳೆಯಷ್ಟಾದರೂ ಸವೆದಿರುತ್ತದೆ,
ಬೆಳಕು ಕಾಲೂರುವುದು ಆ ಸವೆತದಲ್ಲಿ.
ಗಿರಾಕಿಗೆ ಇದೊಂದೂ ಕಾಣಬಾರದು.
ಕಂಡರೆ ದುಡ್ಡು ಕಡಿತ,
ಕಾಣದಿದ್ದರೆ “ಎಷ್ಟು ನಿಜ!”

ಏಪ್ರಿಲಿನಲ್ಲಿ ಬಾಕಿ ಕೇಳಲು ಸೈಟಿಗೆ ಹೋದೆ.
ಸಿಮೆಂಟು ಚೀಲದ ಮೇಲೆ ನನ್ನ ಚಿತ್ರ,
ನಾಲ್ಕು ಮೂಲೆಗೆ ನಾಲ್ಕು ಜಲ್ಲಿ, ನಡುವೆ ತೂಗುಗುಂಡು.
ಮೊಯ್ದು ಮೇಸ್ತ್ರಿ ನನ್ನನ್ನು ನೋಡಿದರು,
ಚಿತ್ರವನ್ನು ನೋಡಿದರು, ಎದ್ದು ಗುಡ್ಡವನ್ನು ನೋಡಿದರು.
“ಇದನ್ನು ಬರೆದದ್ದು ನೀವಾ?”
ಬರೆದದ್ದು ಎಂದರು. ಯಾರೂ ಹಾಗೆ ಅಂದಿರಲಿಲ್ಲ.
“ಅಡುಗೆಮನೆಗೆ ಈ ಬಿಸಿಲು ಎಲ್ಲಿಂದ ಬಂತು?”

ಬಡಗಣದಿಂದ. ನಾನೇ ತಂದದ್ದು.
ಕಪ್ಪುಕಲ್ಲಿನ ಕಟ್ಟೆಯ ಮೇಲೆ ಚೆಂದ ಬೀಳುತ್ತಿತ್ತು.
ಹೇಳಲಿಲ್ಲ.

“ನಾಲ್ಕೂವರೆಗೆಲ್ಲ ಇಲ್ಲಿ ಗುಡ್ಡ ಸೂರ್ಯನನ್ನು ನುಂಗುತ್ತದೆ.
ಪಾತ್ರೆ ತೊಳೆಯುವವಳಿಗೆ ಲೈಟು ಬೇಕಲ್ಲ,
ಒಂದು ಪಾಯಿಂಟು ಹೆಚ್ಚು ಬಿಟ್ಟಿದ್ದೇನೆ.”
ಹಸಿ ಸಿಮೆಂಟಿನ ಹೆಬ್ಬೆಟ್ಟನ್ನು ನನ್ನ ಗೋಡೆಯ ಮೇಲೆ ಒತ್ತಿ,
“ಇಗೋ, ಇಲ್ಲಿ.”

ಆ ಹಾಳೆ ಕೇಳಿ ತಂದೆ. ಬಾಕಿ ಬರಲಿಲ್ಲ.
ಸ್ಕ್ಯಾನ್ ಮಾಡಿ, ಕಾಗದ ಅಳಿಸಿ, ಗೆರೆಗಳನ್ನು ಉಳಿಸಿಕೊಂಡೆ.
ಸುರುಳಿಯ ನಡುವೆ ಅಡ್ಡಕ್ಕೊಂದು ಹಳೆಯ ಗಾಯ,
ಎಂದೋ ಕರಣೆ ತಾಗಿದ್ದಿರಬೇಕು.
ಅಂದಿನಿಂದ ನಾನು ಮಾಡಿದ ಮನೆಗಳಲ್ಲೆಲ್ಲ,
ಸಿದ್ದಾಪುರದ ಹೋಮ್‌ಸ್ಟೇಯಲ್ಲಿ, ಗೋಣಿಕೊಪ್ಪದ ಬೇಕರಿಯಲ್ಲಿ,
ಸ್ವಿಚ್ಚಿನ ಪಕ್ಕ, ಶೇಕಡ ಆರರಷ್ಟು ಮಸುಕಾಗಿ
ಅದು ಇದೆ. ಯಾರೂ ಕಂಡಿಲ್ಲ.

ಮೊನ್ನೆ ಮಡಿಕೇರಿಯ ದಂತವೈದ್ಯರ ಹೆಂಡತಿ
ತಮ್ಮ ಹಾಲನ್ನು ನೋಡುತ್ತ ನೋಡುತ್ತ
ಮಾನಿಟರಿನ ತೀರಾ ಹತ್ತಿರ ಬಂದರು,
ಸೆರಗಿನ ತುದಿಯಿಂದ ಒಂದು ಕಡೆ ಒರೆಸಿದರು.
ಹೋಗಲಿಲ್ಲ.
ಬಾಯಿಂದ ಹಬೆ ಊದಿ
ಇನ್ನೊಮ್ಮೆ ಒರೆಸಿದರು.