ಮಂಗಳವಾರದ ಗಡ್ಡ

ಅರಸೀಕೆರೆ ತಾಲ್ಲೂಕು ಕಚೇರಿಯ ಕಾಂಪೌಂಡಿನ ಹೊರಗೆ
ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಮೇಜು ನನ್ನದು.
ಹತ್ತೊಂಬತ್ತು ವರ್ಷದಿಂದ ಊರ ಬಾಯಿಮಾತನ್ನು
ಛಾಪಾ ಕಾಗದಕ್ಕೆ ಇಳಿಸುತ್ತಿದ್ದೇನೆ.
ಇಲ್ಲಿಗೆ ಬಂದ ಮಾತು ಉಗುಳು ನುಂಗುತ್ತದೆ,
ಅಂಗಿ ಗುಂಡಿ ಹಾಕಿಕೊಳ್ಳುತ್ತದೆ,
ಸದರಿ, ಮೇಲ್ಕಂಡ ಎಂದು ತೊದಲುತ್ತದೆ.

ಸಲೂನಿನ ಗವಿರಂಗಯ್ಯ ಬಂದ, ಊರುಗೋಲು ಊರಿಕೊಂಡು.
ಹತ್ತು ಹೆಜ್ಜೆ ಹಿಂದೆ, ಸಂಬಂಧವೇ ಇಲ್ಲದವನ ಹಾಗೆ, ಪರಮೇಶಿ.
"ಬರಿಯವ್ವ. ಎರಡು ಕುರ್ಚಿ, ಮೂರು ಕನ್ನಡಿ,
ಅಂಗಡಿ ಹೆಸರು, ಎಲ್ಲಾ ಇವನಿಗೆ.
ಯುಗಾದಿ ಕಳೆದು ಬಿಟ್ಟುಕೊಡ್ತೀನಿ."

ಪ್ರತಿಫಲ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.
ಬದಲಿಗೆ ಇವನೇನು ಕೊಡ್ತಾನೆ?
"ಕೊಟ್ಟಾಯ್ತಲ್ಲ" ಎಂದು ಕಾಲು ತೋರಿಸಿದ.
ಸಕ್ಕರೆ ಕಾಯಿಲೆಗೆ ಕೊಳೆಯಲು ಹೊರಟಿದ್ದ ಕಾಲು.
ದಿನ ಬಿಟ್ಟು ದಿನ ಬೆಳಗಿನ ಪ್ಯಾಸೆಂಜರು,
ಹಾಸನದ ಆಸ್ಪತ್ರೆ, ಬ್ಯಾಂಡೇಜು, ಮತ್ತೆ ಸಂಜೆಯ ಗಾಡಿ.
ಹತ್ತಿಸಲು ಹೆಗಲು, ಇಳಿಸಲು ಬೆನ್ನು,
ಮೂರು ತಿಂಗಳು.

ಆಗಿಹೋದ ಉಪಕಾರಕ್ಕೆ ಈಗ ಕೊಡುತ್ತೇನೆಂದರೂ
ನಮ್ಮ ಕಾನೂನು ಒಪ್ಪುತ್ತದೆ. ಬರೆಯಲು ಬಗ್ಗಿದೆ.
"ಅದನ್ನ ಹಾಕಬೇಡಿ" ಅಂದ ಪರಮೇಶಿ, ಮೊದಲ ಸಲ ಬಾಯಿ ತೆರೆದು.
"ಆವತ್ತು ನಾನು ಕೂಲಿಗೆ ಹೋಗಿರಲಿಲ್ಲ.
ಈಗ ಬರೆದರೆ ಹೋದಂಗಾಗ್ತದೆ."

ಹಾಗಾದರೆ ಪ್ರೀತಿ ವಾತ್ಸಲ್ಯದಿಂದ?
ಅದು ಹತ್ತಿರದ ನಂಟರಿಗೆ ಮಾತ್ರ ಕಣಣ್ಣ,
ಅದೂ ರಿಜಿಸ್ಟರಾದ ಪ್ರೀತಿ.
"ಇವನ ಮೇಲೆ ಪ್ರೀತಿಯಾ!" ಗವಿರಂಗಯ್ಯ ನಕ್ಕ.
"ದಿನಕ್ಕೆ ಎರಡು ಸಲ ಬೈತೀನಿ."

"ಬಾಯಲ್ಲಿ ಹೇಳಿದ್ದೀಯಲ್ಲಣ್ಣ, ಸಾಕು ನಡಿ."
"ಬಾಯಿ! ಈ ಬಾಯಿ ದೀಪಾವಳಿಗೂ ಹೇಳಿತ್ತು.
ಬೆಂಚು ತುಂಬ ಗಿರಾಕಿ ಕೂತದ್ದು ಕಂಡು
ಆಸೆ ಹತ್ತಿ ನಾನೇ ಇಲ್ಲ ಅಂದೆ, ಮರೆತೆಯಾ?
ಬೆಳಿಗ್ಗೆ ಇರೋ ಗವಿರಂಗ ಸಂಜೆಗಿರಲ್ಲ.
ಈಗ ಹತ್ತೂವರೆ. ಈಗಿರೋನು ಒಳ್ಳೆಯವನು.
ಇವನು ಎದ್ದು ಹೋಗೋದರೊಳಗೆ
ಕಟ್ಟಿಹಾಕವ್ವ."

ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತೆ.
ಈ ಮೇಜಿಗೆ ತಗಡಿನ ನೆರಳು ಹಾಕಿಸ್ತೀನಿ
ಎಂದಿದ್ದ ನನ್ನ ಗಂಡ, ಆರು ಬೇಸಿಗೆಯ ಹಿಂದೆ, ಊಟಕ್ಕೆ ಕೂತು.
ತಟ್ಟೆಯ ಮುಂದೆ ಆಡಿದ ಮಾತಿಗೆ
ಯಾವ ಕೋರ್ಟೂ ಕಿವಿ ಕೊಡುವುದಿಲ್ಲ. ಕೊಡಲೂಬಾರದು,
ಕೊಟ್ಟರೆ ಊರಲ್ಲಿ ಯಾರೂ ಊಟ ಮಾಡುವಂತಿಲ್ಲ.
ಮುಂಗಡಕ್ಕೂ ಕೇಡಿಗೂ ಒಂದೇ ಮಾತು ನಮ್ಮಲ್ಲಿ: ಸಂಚಕಾರ.
ಆ ಮಾತು ಕಟ್ಟಿದವನೂ
ಇಂಥ ಮೇಜಿನ ಹಿಂದೆಯೇ ಕೂತಿದ್ದಿರಬೇಕು.

ಒಂದು ರೂಪಾಯಿ ಅಂತ ಹಾಕಲಾ? ರೂಢಿ ಇದೆ.
ಸಾಕೋ ಸಾಲದೋ ಕಾನೂನು ಕೇಳುವುದಿಲ್ಲ,
ಇದೆಯೋ ಇಲ್ಲವೋ, ಅಷ್ಟೇ.
ಪರಮೇಶಿ ಜೇಬು ಮುಟ್ಟಿಕೊಂಡ, ತೆಗೆಯಲಿಲ್ಲ.
ಸ್ಟೇಷನ್ನಿನ ಕಡೆ ಗೂಡ್ಸು ಗಾಡಿಯೊಂದು
ಮುಗಿಯದೆ ಹೋಗುತ್ತಿತ್ತು. ಅದು ಮುಗಿದ ಮೇಲೆ ಅಂದ:
"ಮಂಗಳವಾರ ಅಂಗಡಿ ರಜೆ.
ಮಂಗಳವಾರ ಇವರಿಗೆ ಗಡ್ಡ ಮಾಡ್ತೀನಿ. ಇರೋವರೆಗೂ."

ಗವಿರಂಗಯ್ಯ ಕೆನ್ನೆ ಸವರಿಕೊಂಡ.
ದವಡೆಯ ಕೆಳಗೆ ಎರಡು ಕಡೆ ಗಾಯ,
ಕಿವಿಯ ಹತ್ತಿರ ಬಿಟ್ಟುಹೋದ ಬಿಳಿ ಕೂದಲು.
ಊರಿಗೆಲ್ಲ ನಲವತ್ತು ವರ್ಷ ಮಾಡಿ
ತನ್ನದು ತಾನೇ ಮಾಡಿಕೊಂಡ ಕೈ
ಊರುಗೋಲಿನ ಮೇಲೆ ನಡುಗುತ್ತಿತ್ತು.
"ಹೊಸ ಬ್ಲೇಡು ಅಂತ ಸೇರಿಸವ್ವ" ಅಂದ. "ಇವನು ಜಿಪುಣ."

ಸೇರಿಸಿದೆ.
ಇಬ್ಬರೂ ಹೆಬ್ಬೆಟ್ಟೊತ್ತಿ, ಮಸಿಯನ್ನು
ತಲೆಗೂದಲಿಗೆ ಒರೆಸಿಕೊಂಡರು.

ನನ್ನ ಮುನ್ನೂರರಲ್ಲಿ ಐವತ್ತು ನಿಲ್ಲಿಸಿ
"ಕೊಡ್ತೀನವ್ವ" ಎಂದು ಹೊರಟ ಗವಿರಂಗಯ್ಯ.
ಯಾವ ಜಾತಿಯ ಕೊಡ್ತೀನಿ ಇದು, ಕೇಳಲಿಲ್ಲ.
ನಾಲ್ಕು ಮಂಗಳವಾರ ಹೋದವು.
ಬಿಸಿಲು ಮೇಜಿನ ಅರ್ಧಕ್ಕೆ ಬಂದಾಗ
ಕುರ್ಚಿ ಸರಿಸಿಕೊಳ್ಳುತ್ತೇನೆ.